ವಾಲ್ವಿನ ಪ್ರದಕ್ಷಿಣೆ

ನನಗೆ ಕೋಪ ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಈಗ ಹೇಳಹೊರಟಿರುವ ಸಂಗತಿ ನಡೆದಷ್ಟು ದಿನವೂ ನಾನು ಒಂದೇ ಸಮನೆ ಕೋಪದಲ್ಲಿದ್ದೆ. ಆಗ ಹೊಳೆನರಸೀಪುರದಲ್ಲಿ ಸಾಹುಕಾರ್ ಚಂದ್ರಶೇಖರಯ್ಯನವರ ಅಕ್ಕಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದೆ. ಮೂವತ್ತೇಳನೇ ಇಸವಿ ಕಳೆದು ಮೂವತ್ತೆಂಟು ಹುಟ್ಟಿತ್ತು. ಪಂಚಾಂಗದ ಪ್ರಕಾರ ಈಶ್ವರ ಸಂವತ್ಸರ, ನನ್ನ ಹೆಸರೂ ಈಶ್ವರಯ್ಯ. ವರ್ಷವಿಡೀ ನನ್ನ ಹೆಸರಿನದೇ ಆಗಿದ್ದರೂ ಗಿರಣಿಯೊಳಗೆ ನನ್ನ ಮಾತು ಒಂದೂ ನಡೆಯುತ್ತಿರಲಿಲ್ಲ.

ಗಿರಣಿ ಉಗಿಯಿಂದ ನಡೆಯುತ್ತಿತ್ತು. ಒಂದು ಕಡೆ ಬಾಯ್ಲರು, ಅದಕ್ಕೆ ಭತ್ತದ ಹೊಟ್ಟೇ ಸೌದೆ. ಇನ್ನೊಂದು ಕಡೆ ಇಂಜಿನ್ನು, ಅದರ ದೊಡ್ಡ ಚಕ್ರದಿಂದ ಬೆಲ್ಟು ಹೋಗಿ ಅಕ್ಕಿ ಮಾಡುವ ಯಂತ್ರಗಳನ್ನು ತಿರುಗಿಸುತ್ತಿತ್ತು. ಎರಡರ ನಡುವೆ ತೊಡೆಗಾತ್ರದ ಕಬ್ಬಿಣದ ಕೊಳವೆ. ಆ ಕೊಳವೆಯ ನಟ್ಟನಡುವೆ ಒಂದು ವಾಲ್ವು, ಅದರ ನೆತ್ತಿಯ ಮೇಲೆ ಕೈಚಕ್ರ. ನಾನು ಎರಡು ಮೆಟ್ಟಿಲಿನ ಹಲಗೆಯ ಮೇಲೆ ಹತ್ತಿ ನಿಂತು ಕೈಚಕ್ರವನ್ನು ಎಡಕ್ಕೆ ತಿರುಗಿಸಿದರೆ ಉಗಿ ಇಂಜಿನ್ನಿಗೆ ಹೋಗಿ ಗಿರಣಿ ಹೊರಡುತ್ತಿತ್ತು. ಬಲಕ್ಕೆ ತಿರುಗಿಸಿದರೆ ನಿಲ್ಲಬೇಕು. ನಮ್ಮದು ನಿಲ್ಲುತ್ತಿರಲಿಲ್ಲ.

ವಾಲ್ವಿನ ಒಳಗೆ ಒಂದು ಮುಚ್ಚಳ ಇರುತ್ತದೆ, ಅದು ಕೂರಲು ಒಂದು ಪೀಠ ಇರುತ್ತದೆ. ನಮ್ಮ ವಾಲ್ವಿನ ಮುಚ್ಚಳವೂ ಸವೆದಿತ್ತು, ಪೀಠವೂ ಸವೆದಿತ್ತು. ಎಷ್ಟು ಬಿಗಿದರೂ ‘ಉಸ್’ ಎಂದು ಒಂದಿಷ್ಟು ಉಗಿ ನುಸುಳುತ್ತಲೇ ಇರುತ್ತಿತ್ತು. ಅದರಿಂದಾಗಿ ಮಧ್ಯಾಹ್ನ ಎಲ್ಲರೂ ಮುದ್ದೆ ಬಿಚ್ಚಿಕೊಂಡು ಕೂತ ಹೊತ್ತಿನಲ್ಲಿ, ನಿಂತಿದ್ದ ಇಂಜಿನ್ನು ಯಾರೂ ಹೇಳದೆ ಕೇಳದೆ ಒಂದು ಸುತ್ತು ಹಾಕಿ ಮತ್ತೆ ನಿಲ್ಲುತ್ತಿತ್ತು. ಬೆಲ್ಟಿನ ಕೆಳಗೆ ತೌಡು ಗುಡಿಸುವ ನಂಜಮ್ಮ ಅದೇ ಬಿಡುವಿನ ಹೊತ್ತಿನಲ್ಲಿ ಪೊರಕೆ ಹಿಡಿದು ಒಳಗೆ ತೂರುತ್ತಿದ್ದಳು. ಇಂಜಿನ್ನು ಸುತ್ತು ಹಾಕಿದಾಗಲೆಲ್ಲ ನಾನು ಮುದ್ದೆ ಬಿಟ್ಟು ಅವಳ ಹೆಸರು ಕೂಗುತ್ತಿದ್ದೆ.

ಎರಡು ದಿನ ಕೊಡಿ, ಬಾಯ್ಲರು ಆರಿಸಿ ವಾಲ್ವು ಬಿಚ್ಚಿ ಪೀಠ ಉಜ್ಜಿ ಸರಿಮಾಡುತ್ತೇನೆ ಎಂದು ಎಂಟು ತಿಂಗಳಿಂದ ಸಾಹುಕಾರರನ್ನು ಕೇಳುತ್ತಿದ್ದೆ. ಅವರದು ಒಂದೇ ಉತ್ತರ.

“ಅರಕಲಗೂಡಿಂದ ಗಾಡಿ ಬಂದು ಸಾಲಾಗಿ ನಿಂತವೆ ಈಶ್ವರಯ್ಯ. ಎರಡು ದಿನ ನಿಲ್ಸು ಅಂತೀಯಲ್ಲ, ನಿಂಗೆ ಬುದ್ಧಿ ಐತಾ?”

“ಒಂದಿನ ನಂಜವ್ವ ಸಾಯ್ತಾಳೆ ಸಾವ್ಕಾರ್ರೇ.”

“ಬಾಯಲ್ಲಿ ಒಳ್ಳೇ ಮಾತು ಬರಲ್ವಾ ನಿಂಗೆ?”

ನನ್ನ ಮಾತು ಇದ್ದುದರಲ್ಲಿ ಕೇಳಿಸಿಕೊಂಡವರು ಸಾಹುಕಾರರ ಹೆಂಡತಿ ದಾಕ್ಷಾಯಣಮ್ಮ ಒಬ್ಬರೇ. ಅವರ ಮನೆ ಗಿರಣಿಯ ಹಿಂದಿನ ಗೋಡೆಗೆ ಅಂಟಿಕೊಂಡೇ ಇತ್ತು. “ಮಧ್ಯಾನ ಚೂರು ಅಡ್ಡಾಗನ ಅಂದ್ರೆ ನಿಮ್ಮ ಗಿರಣಿ ಉಸ್ ಉಸ್ ಅಂತದಲ್ಲಪ್ಪ ಈಶ್ವರಯ್ಯ, ಅದುಕ್ಕೇನಾಗದೆ?” ಎಂದು ಹಿತ್ತಿಲ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ವಾಲ್ವು ಸವೆದಿದೆ ಅವ್ವಾ ಎನ್ನುತ್ತಿದ್ದೆ. “ಹೇಳ್ತೀನಿ ಇರು ಇವರಿಗೆ” ಎನ್ನುತ್ತಿದ್ದರು. ಹೇಳುತ್ತಲೂ ಇದ್ದರಂತೆ. ಸಾಹುಕಾರರು ಹೆಂಡತಿಯ ಮಾತನ್ನು ನನ್ನ ಮಾತಿನಷ್ಟೇ ಗೌರವದಿಂದ ಕಾಣುತ್ತಿದ್ದರು.

ಪುಷ್ಯ ಮಾಸದ ಒಂದೇ ವಾರದಲ್ಲಿ ಮೂರು ಅವಘಡ ಆದವು. ಸೋಮವಾರ ಬೆಲ್ಟು ಕಿತ್ತುಹೋಯಿತು. ಬುಧವಾರ ಹಳೇಕೋಟೆಯಿಂದ ಭತ್ತ ಹೇರಿಕೊಂಡು ಬಂದ ಗಾಡಿಯ ಎತ್ತು ಗಿರಣಿಯ ಬಾಗಿಲಿಗೆ ಅಡ್ಡ ಮಲಗಿ, ಹುಲ್ಲು ತೋರಿಸಿದರೂ ಏಳಲಿಲ್ಲ, ಬಾಲ ತಿರುಚಿದರೂ ಏಳಲಿಲ್ಲ. ಶುಕ್ರವಾರ ಮಧ್ಯಾಹ್ನ ನಾನು ಹೆದರಿದ್ದು ನಡೆಯಿತು. ನಿಂತ ಇಂಜಿನ್ನು ಒಂದು ಸುತ್ತು ಹಾಕಿತು, ಬೆಲ್ಟು ನಂಜಮ್ಮನ ಸೆರಗನ್ನು ಎಳೆದುಕೊಂಡಿತು. ಅವಳ ಪುಣ್ಯ, ಸೀರೆ ಹಳೆಯದಾಗಿದ್ದರಿಂದ ಪರ್ರನೆ ಹರಿದು ಅವಳು ಉಳಿದಳು.

ಈಗಲಾದರೂ ವಾಲ್ವು ಬಿಚ್ಚಿಸುತ್ತಾರೆ ಅಂದುಕೊಂಡೆ. ಸಾಹುಕಾರರು ಲಕ್ಷ್ಮೀನರಸಿಂಹ ಜೋಯಿಸರನ್ನು ಕರೆಸಿದರು.

ನಮ್ಮ ಸಾಹುಕಾರರು ಶಿವಭಕ್ತರು, ಕೊರಳಲ್ಲಿ ಲಿಂಗ ಕಟ್ಟಿದವರು. ಆದರೆ ಪಂಚಾಂಗ ಕೇಳುವುದು ಮಾತ್ರ ದೇವಸ್ಥಾನದ ಬೀದಿಯ ಜೋಯಿಸರ ಹತ್ತಿರ. ಜೋಯಿಸರು ಕೆಟ್ಟವರಲ್ಲ. ಯಾರ ಮನೆಯಲ್ಲಿ ಏನೇ ಆದರೂ ತಮ್ಮಿಂದ ಏನಾದರೂ ಆಗಬೇಕೆಂಬ ಹಂಬಲ ಅವರದು. ಶನಿವಾರ ಬೆಳಿಗ್ಗೆ ಮಡಿ ಉಟ್ಟು ಬಂದು, ವಾಲ್ವಿನ ಮೇಲುಗಡೆ ಇದ್ದ ಭತ್ತದ ಅಟ್ಟ ಹತ್ತಿ ಕೂತರು. ಅಲ್ಲಿಂದ ಇಡೀ ಗಿರಣಿ ಕಾಣುತ್ತಿತ್ತು. ನಾನು ದಿನದಂತೆ ಹಲಗೆ ಹತ್ತಿ ಕೈಚಕ್ರ ತಿರುಗಿಸಿದೆ. ಜೋಯಿಸರು ಅಟ್ಟದ ಮೇಲಿಂದ ಕೂಗಿದರು.

“ನಿಲ್ಸಯ್ಯ! ನಿಲ್ಸು! ಏನು ಮಾಡ್ತಿದೀಯ ಅದು?”

“ವಾಲ್ವು ತೆಗೀತಿವ್ನಿ ಸ್ವಾಮಿ.”

“ಯಾವ ಕಡೆ ತಿರುಗಿಸ್ತಿದೀಯ ಅಂತ ಕೇಳಿದ್ದು. ಎಡಕ್ಕೆ! ಅಪ್ರದಕ್ಷಿಣ! ಚಂದ್ರಶೇಖರಯ್ಯನವರೇ, ದಿನಾ ಬೆಳಗೆದ್ದು ಗಿರಣಿ ಶುರು ಮಾಡೋದೇ ಅಪ್ರದಕ್ಷಿಣವಾಗಿ ಅಂದ್ರೆ ಏನಾಗಬೇಕು? ಚಿತೆ ಸುತ್ತೋದು ಹಾಗೆ.”

ಸಾಹುಕಾರರ ಮುಖ ಬೆಳ್ಳಗಾಯಿತು. ಆದರೂ ಒಂದು ಪ್ರಯತ್ನ ಮಾಡಿದರು.

“ನಾವು ಸುಡೋ ಪೈಕಿ ಅಲ್ಲವಲ್ಲ ಜೋಯಿಸ್ರೇ, ನಾವು ಹೂಳೋರು.”

“ನೀವು ಹೂಳ್ತೀರಿ. ಬಾಯ್ಲರು ಸುಡುತ್ತೋ ಇಲ್ಲವೋ?”

ಸಾಹುಕಾರರು ಬಾಯ್ಲರಿನ ಕಡೆ ತಿರುಗಿ ನೋಡಿದರು. ಸುಮ್ಮನಿರುವ ಜಾಯಮಾನ ನನ್ನದಲ್ಲ.

“ಸ್ವಾಮಿ, ಈಶ್ವರನ ಗುಡೀಲಿ ನಾವು ಪೂರ್ತಿ ಸುತ್ತು ಹಾಕಲ್ಲ. ಅಭಿಷೇಕದ ನೀರು ಬೀಳೋ ತೂಬಿನ ಗಂಟ ಓಗಿ, ಅದುನ್ನ ದಾಟ್ದೆ ಹಿಂದಕ್ಕೆ ತಿರುಗ್ತೀವಿ. ಓಗೋದು ಒಂದು ಕಡೆ, ಬರೋದು ಇನ್ನೊಂದು ಕಡೆ. ವಾಲ್ವೂ ಅಂಗೇಯ. ತಪ್ಪೇನು?”

ಜೋಯಿಸರು ಕಣ್ಣು ಮುಚ್ಚಿ ಯೋಚಿಸಿದರು. “ಸರಿಯೇ” ಎಂದರು. “ಆದರೆ ಅಲ್ಲೂ ಮೊದಲು ಹೋಗೋದು ಪ್ರದಕ್ಷಿಣವಾಗಿ, ಹಿಂದಕ್ಕೆ ಬರೋದು ಆಮೇಲೆ. ನೀನು ಮೊದಲೇ ಉಲ್ಟಾ ಹೊರಟಿದೀಯ.”

ಅಂದರೆ ವಾಲ್ವು ಬಲಕ್ಕೆ ತೆರೆಯಬೇಕು, ಎಡಕ್ಕೆ ಮುಚ್ಚಬೇಕು ಎಂದು ತೀರ್ಮಾನವಾಯಿತು. ಮುಚ್ಚಳ ಎತ್ತಿಳಿಸುವ ಸರಳು, ಅಂದರೆ ಸ್ಪಿಂಡಲ್, ಉಲ್ಟಾ ತಿರುಪಿನದು ಹೊಸದಾಗಿ ಮಾಡಿಸಬೇಕು, ಅದಕ್ಕೆ ಹಾಸನದ ಲೇತಿನ ಅಂಗಡಿಯವನು ಎರಡು ತಿಂಗಳು ಎನ್ನುತ್ತಾನೆ ಎಂದೆ. ಅದಕ್ಕಿಂತ ದೊಡ್ಡ ಭಯ ನನಗೆ ಬೇರೆ ಇತ್ತು. ಚನ್ನರಾಯಪಟ್ಟಣದ ಗಿರಣಿಯಲ್ಲಿ ಏಳು ವರ್ಷ, ಇಲ್ಲಿ ಐದು ವರ್ಷ, ಹನ್ನೆರಡು ವರ್ಷ ನನ್ನ ಕೈ ಬಲಕ್ಕೆ ಮುಚ್ಚಿ ಕಲಿತಿದೆ. ಅವಘಡದ ಹೊತ್ತಿನಲ್ಲಿ ತಲೆ ಕೆಲಸ ಮಾಡುವುದಿಲ್ಲ, ಕೈ ಮಾಡುತ್ತದೆ. ಒಂದು ದಿನ ನಂಜಮ್ಮ ಬೆಲ್ಟಿಗೆ ಸಿಕ್ಕಿ ಕೂಗಿದಾಗ ನನ್ನ ಕೈ ಬಲಕ್ಕೆ ತಿರುಗಿಸಿ ಉಗಿಯನ್ನು ಇನ್ನೂ ಹೆಚ್ಚು ಬಿಟ್ಟರೆ? ಇದನ್ನೂ ಹೇಳಿದೆ. ಅವರಿಬ್ಬರೂ ಕೇಳಿಸಿಕೊಳ್ಳಲಿಲ್ಲ. ನನಗೆ ಎಲ್ಲಿಲ್ಲದ ಕೋಪ ಬಂತು.

ಕೋಪದಲ್ಲಿ ಅಟ್ಟ ಹತ್ತಿ, ಜೋಯಿಸರ ಪಕ್ಕದಲ್ಲಿದ್ದ ಕಂಚಿನ ಚೊಂಬಿನ ಮುಚ್ಚಳ ಎತ್ತಿಕೊಂಡು ಅವರ ಮುಖದ ಕೆಳಗೆ ಹಿಡಿದು ತಿರುಗಿಸಿದೆ. “ಯಾವ ಕಡೆ ತಿರುಗ್ತಾ ಐತೆ?”

“ಅಪ್ರದಕ್ಷಿಣ.”

ಅದನ್ನೇ ಅವರ ತಲೆಯ ಮೇಲೆ ಎತ್ತಿ ಹಿಡಿದು ಹಾಗೆಯೇ ತಿರುಗಿಸಿದೆ. “ಈಗ?”

ಜೋಯಿಸರು ಕತ್ತೆತ್ತಿ ನೋಡಿದರು. “ಪ್ರದಕ್ಷಿಣ!”

“ನಾನು ತಿರುಗಿಸಿದ್ದು ಬದಲಾಗ್ಲಿಲ್ಲ ಸ್ವಾಮಿ, ನೀವು ನೋಡೋ ಜಾಗ ಬದಲಾಯ್ತು. ಹಂಗಾದ್ರೆ ಒಂದ್ ಕೆಲಸ ಮಾಡಾನ. ವಾಲ್ವುನ್ನೇ ತಲೆಕೆಳಗು ಮಾಡ್ಬುಡಾನ! ನಾನು ಕೆಳಗ್ಲಿಂದ ಕತ್ತೆತ್ತಿ ಎಡಕ್ಕೆ ತಿರುಗಿಸ್ತೀನಿ, ಅಟ್ಟದ ಮ್ಯಾಲಿಂದ ನೋಡೋರಿಗೆ ಬಲಕ್ಕೆ ಕಾಣ್ತದೆ. ಸಾಕಾ?”

ಇದು ಬೈಗುಳ. ಬೈಗುಳವೆಂದೇ ಹೇಳಿದ್ದು. ಜೋಯಿಸರು ಎದ್ದು ನಿಂತು ನನ್ನ ಭುಜದ ಮೇಲೆ ಕೈ ಇಟ್ಟರು.

“ಎಂಥಾ ಮಾತು ಹೇಳಿದೆಯಯ್ಯ! ದೇವರು ನೋಡೋದು ಮೇಲಿಂದ ತಾನೆ? ನಮಗೆ ಹೇಗೆ ಕಂಡರೇನು!”

ಸಾಹುಕಾರರು ಆನಂದದಿಂದ ಕೈ ಮುಗಿದರು. ಎಷ್ಟು ದಿನ ಬೇಕು ಎಂದು ಕೇಳಿದರು. ಎಂಟು ತಿಂಗಳು ಎರಡು ದಿನಕ್ಕೆ ಅಂಗಲಾಚಿದ ಸಿಟ್ಟು ಇನ್ನೂ ಇಳಿದಿರಲಿಲ್ಲ. “ನಾಕು ದಿನ” ಎಂದು ಒದರಿದೆ.

“ತಗೊ” ಎಂದರು.

ಹೀಗೆ ಕೆಲಸಕ್ಕೆ ಸಿಗದ ಎರಡು ದಿನ ಶಾಸ್ತ್ರಕ್ಕೆ ನಾಲ್ಕು ದಿನವಾಗಿ ಸಿಕ್ಕಿತು. ಕೋಪ ಹಾಗೇ ಇತ್ತು, ಆದರೆ ಇಂಥ ಅವಕಾಶ ಬಿಡುವಷ್ಟು ಮೂರ್ಖ ನಾನಲ್ಲ. ಬಾಯ್ಲರು ಆರಲು ಒಂದು ದಿನ ಬಿಟ್ಟೆ. ಎರಡನೆಯ ದಿನ ಬೋಲ್ಟು ಬಿಚ್ಚಿ ವಾಲ್ವನ್ನು ಹಗ್ಗ ಕಟ್ಟಿ ಇಳಿಸಿದೆ. ಒಳಗೆ ನೋಡಿದರೆ ಪೀಠದ ಅಂಚಿನಲ್ಲಿ ನನ್ನ ಉಗುರು ಕೂರುವಷ್ಟು ಆಳದ ಗೀರು. ಇದನ್ನು ಇಟ್ಟುಕೊಂಡು ಎಂಟು ತಿಂಗಳು ಗಿರಣಿ ನಡೆಸಿದ್ದೆವು.

ಕುರುಂದದ ಕಲ್ಲಿನ ಪುಡಿಗೆ ಎಣ್ಣೆ ಬೆರೆಸಿ ಪೀಠಕ್ಕೆ ಹಚ್ಚಿ, ಮುಚ್ಚಳವನ್ನು ಅದರ ಮೇಲೆ ಇಟ್ಟು ಅರ್ಧ ಸುತ್ತು ಆ ಕಡೆ, ಅರ್ಧ ಸುತ್ತು ಈ ಕಡೆ ಉಜ್ಜಬೇಕು. ನಡುನಡುವೆ ಎತ್ತಿ, ಒರೆಸಿ, ಜಾಗ ಬದಲಿಸಿ ಮತ್ತೆ ಉಜ್ಜಬೇಕು. ಅವಸರ ಮಾಡಿದರೆ ಇನ್ನೊಂದು ಗೀರು ಬೀಳುತ್ತದೆ. ಎರಡು ದಿನ ಬೇರೇನೂ ಮಾಡದೆ ಅದನ್ನೇ ಮಾಡಿದೆ. ಜೋಯಿಸರು ಒಮ್ಮೆ ಬಂದು ಇಣುಕಿ ನೋಡಿ, ಎರಡೂ ಕಡೆ ತಿರುಗಿಸುತ್ತಿದ್ದ ನನ್ನ ಕೈ ಕಂಡು ಹುಬ್ಬು ಗಂಟಿಕ್ಕಿದರು.

“ಇದು ಈಶ್ವರನ ಗುಡಿ ಕ್ರಮ ಸ್ವಾಮಿ” ಎಂದೆ. ತಲೆದೂಗಿ ಹೋದರು.

ಉಜ್ಜಿದ್ದು ಸರಿಯಾಗಿದೆಯೇ ಎಂದು ತಿಳಿಯಲು ಮುಚ್ಚಳದ ಅಂಚಿಗೆ ತೆಳ್ಳಗೆ ಕಪ್ಪು ಬಳಿದು ಪೀಠದ ಮೇಲೆ ಒತ್ತಿ ನೋಡುವುದು ನಮ್ಮ ಪದ್ಧತಿ. ಕಪ್ಪು ಸುತ್ತ ಎಲ್ಲೂ ತಪ್ಪದೆ ಅಂಟಿದರೆ ವಾಲ್ವು ಪೂರ್ತಿ ಮುಚ್ಚುತ್ತದೆ. ಕಪ್ಪಿಗೆ ದಾಕ್ಷಾಯಣಮ್ಮನವರ ಹತ್ತಿರ ಕಾಡಿಗೆ ಕೇಳಿದೆ. ಅವರು ಕರಡಿಗೆಯನ್ನೇ ತಂದುಕೊಟ್ಟು, ನಾನು ಒತ್ತಿ ಎತ್ತುವವರೆಗೆ ನಿಂತು ನೋಡಿದರು. ಪೀಠದ ಮೇಲೆ ಉಂಗುರದಂತೆ ಕಾಡಿಗೆ ಬಿದ್ದಿತ್ತು, ಒಂದು ಕೂದಲೆಳೆಯಷ್ಟೂ ಬಿಟ್ಟುಹೋಗಿರಲಿಲ್ಲ.

“ಚೆನ್ನಾಗದೆ” ಎಂದರು. ನನಗೂ ಹಾಗೆಯೇ ಅನ್ನಿಸಿತು.

ನಾಲ್ಕನೆಯ ದಿನ ವಾಲ್ವನ್ನು ತಲೆಕೆಳಗಾಗಿ ಕೂರಿಸಿದೆ. ಕೈಚಕ್ರ ಈಗ ಕೊಳವೆಯ ಕೆಳಗೆ, ನೆಲದ ಮೇಲೆ ನಿಂತವರ ತಲೆಗಿಂತ ಒಂದು ಗೇಣು ಎತ್ತರದಲ್ಲಿ ನೇತಾಡುತ್ತಿತ್ತು. ಇಂಥ ಜೋಡಣೆಯ ತೊಂದರೆ ಏನೆಂದು ಯಾವ ಫಿಟ್ಟರನ್ನು ಕೇಳಿದರೂ ಹೇಳುತ್ತಾನೆ. ಉಗಿ ತಣಿದು ನೀರಾಗುತ್ತದೆ, ನೀರು ಕೆಳಗಿಳಿಯುತ್ತದೆ, ಕೆಳಗೆ ಸ್ಪಿಂಡಲಿನ ಸುತ್ತ ಉಗಿ ಸೋರದಂತೆ ತುರುಕಿದ ಹಗ್ಗ ಎಷ್ಟೇ ಬಿಗಿಯಾಗಿದ್ದರೂ ನೆನೆದು ತೊಟ್ಟಿಕ್ಕುತ್ತದೆ. ಕುದಿಯುವ ನೀರು, ನೇರ ತಲೆಯ ಮೇಲೆ. ಹಾಸನದಿಂದ ಒಳ್ಳೆಯ ಹಗ್ಗವನ್ನೇ ತರಿಸಿ ತುರುಕಿದ್ದರೂ ಮೊದಲ ದಿನವೇ ನನ್ನ ನೆತ್ತಿ ಬೊಬ್ಬೆ ಎದ್ದಿತು. ದಾಕ್ಷಾಯಣಮ್ಮ ಅದನ್ನು ನೋಡಿ, ತವರಿಂದ ಬಂದಿದ್ದ ದೊಡ್ಡ ಕರೀ ಕೊಡೆ ತಂದು ಕೊಟ್ಟರು. ಅಂದಿನಿಂದ ನಾನು ಹೆಂಚಿನ ಸೂರಿನ ಕೆಳಗೆ, ಬಿಸಿಲೂ ಮಳೆಯೂ ಇಲ್ಲದ ಜಾಗದಲ್ಲಿ, ಎಡಗೈಯಲ್ಲಿ ಕೊಡೆ ಹಿಡಿದು ಬಲಗೈಯನ್ನು ಅದರ ಅಂಚಿನಾಚೆಗೆ ಚಾಚಿ ಗಿರಣಿ ಶುರು ಮಾಡತೊಡಗಿದೆ. ಹಳೇಕೋಟೆಯ ಗಾಡಿಯವರು ಇದನ್ನು ನೋಡಲಿಕ್ಕೆಂದೇ ಬೇಗ ಬರುತ್ತಿದ್ದರು.

ಅವಘಡಗಳು ನಿಂತುಹೋದವು. ಮುಚ್ಚಿದರೆ ಇಂಜಿನ್ನು ಸತ್ತ ಹಾಗೆ ನಿಲ್ಲುತ್ತಿತ್ತು. ಮಧ್ಯಾಹ್ನ ನಂಜಮ್ಮ ಬೆಲ್ಟಿನ ಕೆಳಗೆ ಕೂತು ಎಲೆಯಡಿಕೆ ಹಾಕಿಕೊಂಡರೂ ಏನೂ ಆಗುತ್ತಿರಲಿಲ್ಲ. ಎಲ್ಲ ಪ್ರದಕ್ಷಿಣದ ಮಹಿಮೆ ಎಂದು ಊರೆಲ್ಲ ಮಾತಾಯಿತು. ಸಾಹುಕಾರರು ಜೋಯಿಸರಿಗೆ ಜರಿಯ ಧೋತ್ರ ಹೊದಿಸಿದರು. ನಂಜಮ್ಮ ಅವರ ಕಾಲಿಗೆ ಬಿದ್ದಳು. ಪೀಠ ಉಜ್ಜಿದ ಸಂಗತಿ ಯಾರಿಗೂ ಬೇಕಾಗಿರಲಿಲ್ಲ. ಹೇಳಿಕೊಳ್ಳಲು ನನಗೂ ಮನಸ್ಸಾಗಲಿಲ್ಲ, ಹೇಳಿದರೆ ಅದರಲ್ಲೂ ಒಂದು ದೋಷ ಹುಡುಕಿ ವಾಲ್ವನ್ನು ಮತ್ತೆ ಬಿಚ್ಚಿಸಿಯಾರೆಂಬ ಹೆದರಿಕೆ.

ಸಾಹುಕಾರರಿಗೆ ಹೊಸ ಹುಚ್ಚು ಹಿಡಿಯಿತು. ದಿನಾ ಬೆಳಿಗ್ಗೆ ಜೋಯಿಸರ ಜೊತೆ ಅಟ್ಟ ಹತ್ತಿ, ಮೇಲಿಂದ ಕೈಚಕ್ರ ತಿರುಗುವುದನ್ನು ನೋಡಿ ಕಣ್ತುಂಬಿಕೊಳ್ಳುತ್ತಿದ್ದರು. “ತೆರೆಯೋದು ಬಲಕ್ಕೆ, ಮುಚ್ಚೋದು ಎಡಕ್ಕೆ” ಎಂದು ಮಗ್ಗಿಯಂತೆ ಬಾಯಿಪಾಠ ಮಾಡಿಕೊಂಡರು. ಅದು ಅಟ್ಟದ ಮೇಲೆ ನಿಂತವರ ಲೆಕ್ಕ, ಕೆಳಗೆ ನಿಂತವನಿಗೆ ಉಲ್ಟಾ ಎಂದು ಎರಡು ಸಲ ಹೇಳಿದೆ. “ಶುಭ ಮಾತಾಡು” ಎಂದರು.

ಹತ್ತು ದಿನ ಕಳೆದ ಮೇಲೆ ಬಾಯ್ಲರ್ ಇನ್ಸ್‌ಪೆಕ್ಟರು ಬಂದರು. ವರ್ಷಕ್ಕೊಮ್ಮೆ ಬಂದು ನೋಡಿ ಅವರು ಸರ್ಟಿಫಿಕೇಟು ಕೊಟ್ಟರೆ ಗಿರಣಿ ನಡೆಯುತ್ತದೆ, ಇಲ್ಲವಾದರೆ ಬೀಗ. ಬೆಂಗಳೂರು ಕಡೆಯವರು, ಖಾಕಿ ನಿಕ್ಕರು, ತಲೆಗೆ ದಪ್ಪ ಟೊಪ್ಪಿ. ಬಾಗಿಲಲ್ಲಿ ಕಾಲಿಡುತ್ತಲೇ ಕೊಡೆ ಹಿಡಿದು ನಿಂತ ನನ್ನನ್ನು ನೋಡಿದರು.

“ಏನ್ರೀ, ನಿಮ್ಮೂರಲ್ಲಿ ಮನೆ ಒಳಗೂ ಮಳೆ ಬರುತ್ತಾ?”

“ಇಲ್ಲ ಸಾ. ವಾಲ್ವು ತೊಟ್ಟಿಕ್ತದೆ.”

ಅವರು ಕತ್ತೆತ್ತಿ ಕೊಳವೆಯ ಕೆಳಗೆ ನೋಡಿದರು. ಬಹಳ ಹೊತ್ತು ನೋಡಿದರು. “ಇದನ್ನ ಯಾರು ತಲೆಕೆಳಗೆ ಹಾಕಿದ್ದು?”

ನಾನು ಬಾಯಿ ತೆರೆಯುವ ಮೊದಲೇ ಸಾಹುಕಾರರು ಅಟ್ಟದ ಮೇಲಿಂದ ಇಳಿದು ಬಂದು ಎಲ್ಲವನ್ನೂ ವಿವರಿಸಿದರು: ಎತ್ತು ಮಲಗಿದ್ದು, ಚಿತೆ, ದೇವರು ಮೇಲಿಂದ ನೋಡುವುದು. ಇನ್ಸ್‌ಪೆಕ್ಟರು ತಾಳ್ಮೆಯಿಂದ ಕೇಳಿ, ಕೊನೆಗೆ ಒಂದೇ ಒಂದು ಪ್ರಶ್ನೆ ಹಾಕಿದರು.

“ತೆರೆಯೋ ದಿಕ್ಕಿಗೆ ಬಾಣದ ಗುರುತು ಎಲ್ಲಿ? ರೂಲ್ಸು ಪ್ರಕಾರ ಬಾಣ ಇರಬೇಕು. ಬಾಣ ಬರೆದು ತೋರಿಸಿ, ಆಮೇಲೆ ಸರ್ಟಿಫಿಕೇಟು.”

ಸುಣ್ಣದ ಬಟ್ಟಲು ತರಿಸಿದೆವು. ಕೈಚಕ್ರದ ಪಕ್ಕ ಎಡಕ್ಕೆ ಬಾಣ ಬರೆಯಲು ನಾನು ಹೊರಟರೆ ಜೋಯಿಸರು ಅಟ್ಟದ ಮೇಲಿಂದ, “ಎಡಕ್ಕೆ ಅಂತ ಬರೆದರೆ ಎಲ್ಲಾ ವ್ಯರ್ಥ!” ಎಂದು ಕೂಗಿದರು. ಬಲಕ್ಕೆ ಬರೆದರೆ ಕೆಳಗೆ ನಿಂತವನಿಗೆ ತಪ್ಪಾಗುತ್ತದೆ. ಕೊಳವೆಯ ಬೆನ್ನಿನ ಮೇಲೆ ಬಲಕ್ಕೊಂದು, ಕೆಳಗೆ ಎಡಕ್ಕೊಂದು, ಎರಡು ಬಾಣ ಇರಲಿ ಎಂದರು ಸಾಹುಕಾರರು. ಒಂದೇ ವಾಲ್ವಿಗೆ ಎರಡು ಬಾಣ ರೂಲ್ಸಿನಲ್ಲಿ ಇಲ್ಲ ಎಂದರು ಇನ್ಸ್‌ಪೆಕ್ಟರು. ಮಾತು ಮುಗಿಯುವಂತೆ ಕಾಣಲಿಲ್ಲ. “ನೀವು ತೀರ್ಮಾನ ಮಾಡ್ತಿರಿ” ಎಂದು ಅವರು ನನ್ನನ್ನು ಕರೆದುಕೊಂಡು ಏಣಿ ಹತ್ತಿ ಬಾಯ್ಲರಿನ ಬೆನ್ನೇರಿದರು, ಉಗಿ ಮಿತಿ ಮೀರಿದರೆ ತಾನೇ ತೆರೆದುಕೊಳ್ಳುವ ಸೇಫ್ಟಿ ವಾಲ್ವು ಅಲ್ಲಿತ್ತು, ಅದನ್ನು ನೋಡಲು. ಇಂಜಿನ್ನು ನಡೆಯುತ್ತಿತ್ತು. ಕೊಳವೆಯ ವಾಲ್ವನ್ನು ಅರ್ಧ ಮಾತ್ರ ತೆರೆದಿದ್ದೆ. ಕೊಡೆಯನ್ನು ಕೆಳಗೆ ಒರಗಿಸಿ ಹೋಗಿದ್ದೆ.

ಇನ್ಸ್‌ಪೆಕ್ಟರು ಬರುತ್ತಾರೆಂದು ಸಾಹುಕಾರರು ಬೆಳಿಗ್ಗೆಯೇ ನಂಜಮ್ಮನಿಗೆ ಒಂದು ಅಪ್ಪಣೆ ಕೊಟ್ಟಿದ್ದರಂತೆ, ಬೆಲ್ಟಿನ ಕೆಳಗೆ ಒಂದು ಚಿಟಿಕೆ ತೌಡೂ ಕಾಣಬಾರದು ಎಂದು. ಹತ್ತು ದಿನದಿಂದ ಏನೂ ಆಗದೆ ಅವಳಿಗೂ ಧೈರ್ಯ ಬಂದಿತ್ತು. ಇಂಜಿನ್ನು ಓಡುತ್ತಿರುವಾಗಲೇ ಪೊರಕೆ ಹಿಡಿದು ಒಳಗೆ ತೂರಿದಳು.

ಅವಳ ಕೂಗು ಬಾಯ್ಲರಿನ ಮೇಲಿದ್ದ ನನಗೆ ಕೇಳಿಸಿತು. ತಿರುಗಿ ನೋಡಿದರೆ ಸೆರಗು ಬೆಲ್ಟಿನಲ್ಲಿ, ಅವಳು ಕಂಬವನ್ನು ತಬ್ಬಿಕೊಂಡಿದ್ದಾಳೆ. ಈ ಸಲದ್ದು ಹೊಸ ಸೀರೆ. ಹರಿಯಲಿಲ್ಲ.

“ವಾಲ್ವು! ವಾಲ್ವು ಮುಚ್ಚಿ!” ಎಂದು ಅರಚುತ್ತ ಏಣಿಯ ಕಡೆ ಓಡಿದೆ. ವಾಲ್ವಿನ ಹತ್ತಿರ ಇದ್ದವರು ಸಾಹುಕಾರರೊಬ್ಬರೇ. ಪಾಪ, ಹಿಂದೆಮುಂದೆ ನೋಡದೆ ಎರಡೂ ಕೈಯಲ್ಲಿ ಕೈಚಕ್ರ ಹಿಡಿದರು. ಮುಚ್ಚೋದು ಎಡಕ್ಕೆ. ಅವರ ಮಗ್ಗಿ ಅದೇ ತಾನೆ. ಕೆಳಗೆ ನಿಂತು, ಕತ್ತೆತ್ತಿ, ಬಲವಾಗಿ ಎಡಕ್ಕೆ ತಿರುಗಿಸಿದರು. ಉಗಿ ಪೂರ್ತಿ ಬಿಟ್ಟುಕೊಂಡಿತು.

ಇಂಜಿನ್ನು ಹುಚ್ಚು ಹಿಡಿದಂತೆ ಓಡತೊಡಗಿತು. ತೌಡು ಹಾರಿಸುವ ಫ್ಯಾನಿನ ಬಾಯಿಂದ ಬಿಳೀ ಮೋಡ ಎದ್ದು ಇಡೀ ಗಿರಣಿ ಕಾಣದಾಯಿತು. ಮೋಡದೊಳಗಿಂದ ಜೋಯಿಸರ ದನಿ, “ಎಡಕ್ಕೆ! ಇನ್ನೂ ಎಡಕ್ಕೆ!” ನಾನು ಏಣಿಯಿಂದ ಅರ್ಧಕ್ಕೇ ಹಾರಿ ಬಿದ್ದೆ, ಕಾಲು ಉಳುಕಿ ಏಳಲಾಗಲಿಲ್ಲ. “ಬಲಕ್ಕೆ ಸಾವ್ಕಾರ್ರೇ, ಬಲಕ್ಕೆ!” ಎಂದು ನೆಲದ ಮೇಲಿಂದ ಕೂಗಿದೆ. ಮೇಲಿಂದ ಎಡಕ್ಕೆ, ಕೆಳಗಿಂದ ಬಲಕ್ಕೆ. ನಾವಿಬ್ಬರೂ ಹೇಳುತ್ತಿದ್ದುದು ಒಂದನ್ನೇ. ಸಾಹುಕಾರರು ಕೈಚಕ್ರ ಬಿಟ್ಟು, ಎರಡು ಕೈಯನ್ನೂ ಮುಂದೆ ಚಾಚಿ, ಬಲ ಯಾವುದು ಎಡ ಯಾವುದು ಎಂದು ನೋಡುತ್ತ ನಿಂತುಬಿಟ್ಟರು.

ಅಷ್ಟರಲ್ಲಿ ಇನ್ಸ್‌ಪೆಕ್ಟರಿಗೆ ಕಾಫಿ ತರುತ್ತಿದ್ದ ದಾಕ್ಷಾಯಣಮ್ಮ ತಟ್ಟೆಯನ್ನು ಅಲ್ಲೇ ಎತ್ತಿಹಾಕಿ ಬಂದು ಗಂಡನನ್ನು ಪಕ್ಕಕ್ಕೆ ನೂಕಿದರು. ಒಂದು ಕಡೆ ತಿರುಗಿಸಿದರು, ಮೊದಲೇ ಪೂರ್ತಿ ತೆರೆದಿದ್ದ ಕೈಚಕ್ರ ಅಲುಗಲಿಲ್ಲ. ಇನ್ನೊಂದು ಕಡೆ ತಿರುಗಿಸಿದರು, ತಿರುಗಿತು. ಕುದಿಯುವ ನೀರು ಅವರ ಮೊಣಕೈ ಮೇಲೆ, ಬಳೆಗಳ ಮೇಲೆ ತೊಟ್ಟಿಕ್ಕುತ್ತಿತ್ತು. ಕೊಡೆ ಪಕ್ಕದಲ್ಲೇ ಇತ್ತು, ಆ ಕಡೆ ಕಣ್ಣು ಕೂಡ ಹಾಯಿಸಲಿಲ್ಲ. ತಿರುಗಿಸುತ್ತಲೇ ಹೋದರು. ಇಂಜಿನ್ನಿನ ಆರ್ಭಟ ಇಳಿಯಿತು, ಬೆಲ್ಟು ನಿಧಾನವಾಯಿತು, ಇಂಜಿನ್ನಿನ ದೊಡ್ಡ ಚಕ್ರ ಒಂದು ಅರ್ಧ ಸುತ್ತು ಸುತ್ತಿ ನಿಂತಿತು. ನಂಜಮ್ಮನ ಕೈಗೂ ಬೆಲ್ಟಿನ ರಾಟೆಗೂ ನಡುವೆ ಒಂದು ಗೇಣು ಜಾಗ ಉಳಿದಿತ್ತು.

ತೌಡು ನಿಧಾನವಾಗಿ ನೆಲಕ್ಕೆ ಇಳಿಯಿತು. ಇನ್ಸ್‌ಪೆಕ್ಟರು ಬಾಯ್ಲರಿನ ಮೇಲೆ ಟೊಪ್ಪಿಯಿಂದ ಬೂಟಿನವರೆಗೆ ಬೆಳ್ಳಗೆ ನಿಂತಿದ್ದರು. ಜೋಯಿಸರು ಅಟ್ಟದ ಮೇಲೆ ಬೆಳ್ಳಗೆ ನಿಂತಿದ್ದರು. ನಂಜಮ್ಮ ಸೀರೆಯನ್ನು ಬೆಲ್ಟಿಗೆ ಬಿಟ್ಟುಕೊಟ್ಟು, ಮೈಗೆ ಗೋಣಿಚೀಲ ಸುತ್ತಿಕೊಂಡು, ಇಂಜಿನ್ನಿನ ವಂಶವನ್ನೂ ಸಾಹುಕಾರರ ವಂಶವನ್ನೂ ಒಟ್ಟಿಗೆ ಬೈಯುತ್ತಿದ್ದಳು. ಅವಳ ಬೈಗುಳ ಕೇಳಿ ನನಗಾದಷ್ಟು ಸಂತೋಷ ಆ ವರ್ಷ ಇನ್ನಾವುದರಿಂದಲೂ ಆಗಲಿಲ್ಲ.

ಮೊದಲು ಮಾತಾಡಿದವರು ಜೋಯಿಸರು.

“ತಾಯಿ, ಈ ಹೊಗೇಲಿ ನಂಗೆ ಕಾಣಲಿಲ್ಲ. ನೀವು ತಿರುಗಿಸಿದ್ದು ಪ್ರದಕ್ಷಿಣವೋ, ಅಪ್ರದಕ್ಷಿಣವೋ?”

ದಾಕ್ಷಾಯಣಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ತಲೆ ಎತ್ತಿ ನೋಡಿದರು.

“ಯಾವ ಕಡೆ ತಿರುಗಿಸಿದ್ರೆ ಇಂಜಿನ್ನು ಸದ್ದು ಇಳಿದು ನಂಜಿ ಕೂಗು ಜೋರಾಗಿ ಕೇಳಿಸ್ತೋ ಆ ಕಡೆ ಜೋಯಿಸ್ರೇ.”

ಜೋಯಿಸರು ಅಟ್ಟದ ಮೇಲೆಯೇ ಕುಕ್ಕರಿಸಿ ಕೂತರು. ಇನ್ಸ್‌ಪೆಕ್ಟರು ಇಳಿದು ಬಂದು, ಮೀಸೆಯ ತೌಡು ಕೊಡವಿ, ಪುಸ್ತಕ ತೆರೆದು, ವಾಲ್ವನ್ನು ಹದಿನೈದು ದಿನದೊಳಗೆ ನೆಟ್ಟಗೆ ಕೂರಿಸತಕ್ಕದ್ದು ಎಂದು ಬರೆದರು. ಸಾಹುಕಾರರು ಅಟ್ಟದ ಕಡೆ ಒಮ್ಮೆ, ಗೋಣಿಚೀಲದ ನಂಜಮ್ಮನ ಕಡೆ ಒಮ್ಮೆ ನೋಡಿದರು.

“ಎಷ್ಟು ದಿನ ಬೇಕು ಈಶ್ವರಯ್ಯ?”

“ಎರಡು ದಿನ ಸಾಕು ಸಾವ್ಕಾರ್ರೇ.”

“ಮೂರು ತಗೊ” ಎಂದರು, ನನ್ನ ಮುಖ ನೋಡದೆ.

ಎಲ್ಲರೂ ಹೊರಗೆ ಹೋದರು. ನಾನು ಉಳುಕಿದ ಕಾಲು ಚಾಚಿಕೊಂಡು ಗೋಡೆಗೆ ಒರಗಿ ಕೂತಿದ್ದೆ. ದಾಕ್ಷಾಯಣಮ್ಮ ಚೆಲ್ಲಿದ ಲೋಟ ಎತ್ತಿಕೊಂಡು ಹಿತ್ತಿಲ ಬಾಗಿಲಿಗೆ ಹೊರಟವರು ಅರ್ಧದಲ್ಲೇ ನಿಂತು, ತಲೆ ವಾರೆ ಮಾಡಿ ಏನನ್ನೋ ಆಲಿಸಿದರು. ಬಾಯ್ಲರಿನಲ್ಲಿ ಇನ್ನೂ ಪೂರ್ತಿ ಉಗಿ ಇತ್ತು. ಇಂಜಿನ್ನಿನ ಕಡೆಯಿಂದ ಒಂದಿಷ್ಟೂ ಸದ್ದಿರಲಿಲ್ಲ.

“ಈಶ್ವರಯ್ಯ, ಮೊದ್ಲು ಮುಚ್ಚಿದ್ರೂ ಉಸ್ ಅಂತಿತ್ತಲ್ಲಪ್ಪ. ಇಂಜಿನ್ನು ಚಕ್ರ ಇನ್ನೊಂದು ಸುತ್ತು ಬತ್ತಿತ್ತು. ಈಗ ಪೂರ್ತಿ ನಿಂತದೆ.”

“ಉಜ್ಜಿದೆ ಕಣವ್ವಾ. ನಿಮ್ಮ ಕಾಡಿಗೇಲಿ ನೋಡ್ನೋಡಿ ಉಜ್ಜಿದೆ.”

“ಆ ಇನ್ನೊಂದು ಸುತ್ತು ಬಂದಿದ್ರೆ ನಂಜಿ ಇರ್ತಿರಲಿಲ್ಲ” ಎಂದರು.

ನನಗೆ ಅಳು ಬಂತು. ಅಷ್ಟು ದಿನದ ಕೋಪ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅವರ ಮೊಣಕೈ ಮೇಲೆ ಬೊಬ್ಬೆಗಳು ಏಳತೊಡಗಿದ್ದವು, ಬೆಣ್ಣೆ ಹಚ್ಚಿಕೊಳ್ಳಿ ಅವ್ವಾ ಎಂದೆ. ಹ್ಞೂಂ ಎಂದರು. ಪಕ್ಕದಲ್ಲಿದ್ದ ಕೊಡೆಯ ತೌಡು ಕೊಡವಿ, ಮಡಿಚಿ, ಅವರ ಕೈಗೆ ಕೊಟ್ಟೆ.